ಪದ್ದು ಕೆಲಸಕ್ಕೆ ಬಂದಿದ್ದಳು

ಮೊದಲ ಲಾಕ್‌ಡೌನಿನಲ್ಲಿ ಮುಂಬೈಯಿಂದ ಬಂದವರನ್ನು ತ್ರಾಸಿ ಹತ್ತಿರದ ಒಂದು ಹಾಸ್ಟೆಲಿನಲ್ಲಿ ಕ್ವಾರಂಟೈನ್ ಇಟ್ಟಿದ್ದರು. ತೊಂಬತ್ತು ಜನ, ಎಂಟು ಕಕ್ಕಸು. ತೊಳೆಯಲು ಇಬ್ಬರೇ ಹೆಂಗಸರು, ಪದ್ದು ಮತ್ತು ಹರಿಣಾಕ್ಷಿ. ಮೀನು ವ್ಯಾಪಾರ ನಿಂತು, ಬೇರೆ ದಾರಿಯಿಲ್ಲದೆ ಬಂದವರು. ಗುತ್ತಿಗೆದಾರ ಉಮಾನಾಥ ಮೊದಲ ದಿನ ಒಂದೊಂದು ಜೊತೆ ಗ್ಲೌಸ್ ಕೊಟ್ಟ. ಅದು ಹರಿದ ಮೇಲೆ ಇಬ್ಬರೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತೊಳೆದರು.

ಇಪ್ಪತ್ತನೆಯ ದಿನ ಪದ್ದುವಿಗೆ ಜ್ವರ ಬಂತು.

"ಉಮಾನಾಥಣ್ಣ, ಎರಡ್ ದಿನ ರಜೆ ಕೊಡಿ."

"ನೀನ್ ಮನ್ಕಂಡ್ರೆ ತೊಳುದ್ ಯಾರ್? ಮಾತ್ರೆ ತಿಂದ್ಕಂಡ್ ಬಾ."

ಬಂದಳು. ಜ್ವರ ಹತ್ತಿ ಐದನೆಯ ದಿನ ಬಕೆಟ್ ಹಿಡಿದವಳು ಮೆಟ್ಟಿಲ ಮೇಲೆ ಕುಸಿದಳು. ಆಸ್ಪತ್ರೆಯಲ್ಲಿ ಪಾಸಿಟಿವ್ ಎಂದರು. ಒಂಬತ್ತು ದಿನಕ್ಕೆ ಸತ್ತಳು. ಗಂಡ ನಾಗನಿಗೆ ಮುಖವನ್ನೂ ತೋರಿಸಲಿಲ್ಲ.

ಕೊರೊನಾ ಕೆಲಸದಲ್ಲಿ ಸತ್ತವರ ಮನೆಯವರಿಗೆ ಸರ್ಕಾರದ ವಿಮೆ ಇದೆಯೆಂದು ಆಶಾ ಕಾರ್ಯಕರ್ತೆ ಪುಷ್ಪ ಹೇಳಿದಳು. ನಾಗ ಅರ್ಜಿ ಹಾಕಿದ. ಆ ವಾರವೇ ಉಮಾನಾಥ ಹರಿಣಾಕ್ಷಿಯನ್ನು ಕರೆದು ಒಂದು ಕಾಗದ ಮುಂದಿಟ್ಟ.

"ಇಲ್ಲೊಂದ್ ರುಜು ಹಾಕ್."

ಏಳನೆಯ ತರಗತಿವರೆಗೆ ಓದಿದ್ದ ಹರಿಣಾಕ್ಷಿ ಅಕ್ಷರ ಕೂಡಿಸಿ ಓದಿದಳು. ಪದ್ದು ಅಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ ಎಂದು ಬರೆದಿತ್ತು.

"ಇದ್ ಸುಳ್ಳಲ್ದಾ ಅಣ್ಣ?"

"ಗ್ಲೌಸ್ ಎಂತಕ್ ಕೊಡ್ಲಿಲ್ಲೆ, ಜ್ವರ ಇದ್ರೂ ಎಂತಕ್ ಕರ್ಸಿದ್ದ್ ಅಂದ್ಹೇಳಿ ಕಚೇರಿಯವ್ರ್ ನನ್ನತ್ರ ಕೇಳ್ತ್ರ್. ನನ್ನ್ ಗುತ್ತಿಗೆ ಹೋತ್ತ್, ನಿನ್ನ್ ಕೆಲ್ಸವೂ ಹೋತ್ತ್. ಸತ್ತದ್ ತಿರ್ಗಿ ಬತ್ತಾ?"

ಹರಿಣಾಕ್ಷಿಯ ಮನೆಯಲ್ಲಿ ಲಕ್ವ ಹೊಡೆದು ಮಲಗಿದ ತಾಯಿ ಇದ್ದಳು. ಪೆನ್ನು ಹಿಡಿದಳು. ಮೆಟ್ಟಿಲ ಮೇಲೆ ಬಿದ್ದ ಪದ್ದುವನ್ನು ಎತ್ತಿ ಕೂರಿಸಿದವಳು ಅವಳೇ. ಆ ಮೈಯ ಕಾವು ಇನ್ನೂ ಮರೆತಿರಲಿಲ್ಲ. ಪೆನ್ನು ಕೆಳಗಿಟ್ಟಳು.

"ನಾನ್ ಹಾಕುದಿಲ್ಲೆ."

ಮರುದಿನ ಅವಳನ್ನು ಗೇಟಿನ ಒಳಗೆ ಬಿಡಲಿಲ್ಲ.

ನಾಗನ ಜೊತೆ ಅವಳೂ ಕುಂದಾಪುರಕ್ಕೆ ಹೋಗಿ ತಾಲೂಕು ಕಚೇರಿ ಮೆಟ್ಟಿಲು ಹತ್ತಿದಳು. ಮೂರು ಸಲ ತಿರುಗಿಸಿದ ಮೇಲೆ ಗುಮಾಸ್ತ ಫೈಲು ತೆಗೆದ.

"ಗುತ್ತಿಗೆದಾರ್ರ್ ಕಳ್ಸಿದ ಪಟ್ಟಿಯಗೆ ಪದ್ದು ಅಂದ್ಹೇಳಿ ಯಾರೂ ಇಲ್ಲೆ."

"ನಾನ್ ಸಾಕ್ಷಿ ಹೇಳ್ತೆ ಸಾರ್. ನಾವಿಬ್ರೂ ಒಟ್ಟಿಗೇ ತೊಳ್ದದ್."

ಗುಮಾಸ್ತ ಅವಳ ಹೆಸರು ಕೇಳಿದ. ಪಟ್ಟಿಯ ಮೇಲೆ ಬೆರಳು ಎಳೆದ.

"ನಿಮ್ಮ್ ಹೆಸ್ರೂ ಇಲ್ಲೆ ಅಮ್ಮ. ಕೆಲ್ಸದಗೇ ಇಲ್ದವ್ರ್ ಸಾಕ್ಷಿ ಹ್ಯಾಂಗ್ ತಕಂಬುದ್?"

ನಾಗನ ಕಣ್ಣು ತುಂಬಿತು. "ಹರಿಣಾಕ್ಷಿ, ಬಾ, ಹೋಪ," ಎಂದ. ಅವಳು ಕದಲಲಿಲ್ಲ.

"ಪದ್ದು ಇರ್ಲಿಲ್ಲೆ. ನಾನೂ ಇರ್ಲಿಲ್ಲೆ. ಹಾಂಗಾರೆ ತೊಂಬತ್ತ್ ಜನ್ರ ಹೇಲ್ ತೊಳ್ದದ್ ಯಾರ್? ಅದನ್ನ್ ಬರ್ದ್ ಕೊಡಿ!"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಗುಮಾಸ್ತ ಫೈಲಿನ ದಾರ ಬಿಗಿದು, "ಮುಂದಿನವ್ರ್ ಬನ್ನಿ," ಎಂದ.

ಸಾಲು ಅವಳನ್ನು ಸುತ್ತುಹಾಕಿ ಮುಂದೆ ಹೋಯಿತು. ಹರಿಣಾಕ್ಷಿ ಅಲ್ಲೇ ನಿಂತಿದ್ದಳು.