ಕಪ್ಪು ಕಾರಿಗೆ ಬೋರ್ ನೀರು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಸುಮನ್ ಸೊಸೈಟಿಯ ಮನೆಗಳಲ್ಲಿ ಆ ಬಿಳಿ ಮಾರುತಿಯನ್ನು ಎಲ್ಲರೂ ನಳಿನಿಯ ಕಾರು ಎಂದೇ ಕರೆಯುತ್ತಿದ್ದರು. ಓಡಿಸುತ್ತಿದ್ದವನು ಅವಳ ಗಂಡ ರಾಮಕೃಷ್ಣ. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಮಂಡ್ಯದಿಂದ ಅಹಮದಾಬಾದಿಗೆ ಬಂದ ವರ್ಷವೇ ಅದನ್ನು ಕೊಂಡಿದ್ದ. ಅವನ ಸೊಂಟ ಹಿಡಿದುಕೊಂಡ ಮೇಲೆ ತೊಳೆಯುವ ಕೆಲಸ ನಳಿನಿಗೆ ಬಂತು. ಬಂದದ್ದು ಅವಳಲ್ಲೇ ಉಳಿಯಿತು.

ದಿನಾ ಬೆಳಿಗ್ಗೆ ಆರಕ್ಕೆ ಕಾರ್ಪೊರೇಷನ್ ನೀರು ಬಿಡುತ್ತಿದ್ದರು. ಭಾನುವಾರ ಆ ಒಂದು ಗಂಟೆಯಲ್ಲಿ ಅವಳು ಎರಡು ಬಕೆಟ್ ತುಂಬಿಕೊಂಡು ಕೆಳಗಿಳಿಯುತ್ತಿದ್ದಳು. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಚಕ್ರಗಳಿಗೆ ಬೇರೆ ಬಟ್ಟೆ. ಮೊದಲು ಛಾವಣಿ, ಆಮೇಲೆ ಗಾಜು, ಕೊನೆಗೆ ಕೆಳಗಿನ ಮಣ್ಣು. ಬಿಸಿಲು ಬೀಳುವ ಮೊದಲೇ ಗಂಡನ ಹಳೆಯ ಬನಿಯನ್ನಿನಿಂದ ಒಂದು ಹನಿಯೂ ಉಳಿಯದಂತೆ ಒರೆಸಿ, ತಿಂಗಳಿಗೊಮ್ಮೆ ಡಬ್ಬಿಯ ಪಾಲಿಶ್ ಹಚ್ಚಿ ಹಳದಿ ಬಟ್ಟೆಯಲ್ಲಿ ತಿಕ್ಕುತ್ತಿದ್ದಳು. ಕೆಳಮನೆಯ ಊರ್ಮಿಳಾಬೆನ್ ಹಾಲು ತರಲು ಹೋಗುವಾಗ ನಿಂತು, "ಏಕ್‌ದಮ್ ಕಾಚ್ ಜೇವಿ, ನಳಿನಿಬೆನ್!" ಎನ್ನುತ್ತಿದ್ದರು. ಗಾಜಿನ ಹಾಗಿದೆ ಎಂಬ ಆ ಮಾತು ಅವಳಿಗೆ ವಾರವಿಡೀ ಸಾಕಾಗುತ್ತಿತ್ತು.

ಒಮ್ಮೆ, ಮದುವೆಯಾಗಿ ಹತ್ತು ವರ್ಷವಾದಾಗ, ಅವಳು ಗಂಡನನ್ನು ಕೇಳಿದ್ದುಂಟು: "ರೀ, ನನಗೂ ಓಡಿಸೋದು ಕಲಿಸ್ತೀರಾ?"

"ಈ ಊರಿನ ಟ್ರಾಫಿಕ್ಕಿನಲ್ಲಾ? ನಿನಗ್ಯಾಕೆ ಆ ತಲೆನೋವು? ಎಲ್ಲಿಗೆ ಬೇಕು ಹೇಳು, ನಾನಿಲ್ವಾ?" ಎಂದಿದ್ದ ರಾಮಕೃಷ್ಣ. ಅದು ಪ್ರೀತಿಯ ಮಾತೇ. ಅವಳು ಮತ್ತೆ ಕೇಳಲಿಲ್ಲ.

೨೦೦೩ರ ಮಾರ್ಚಿನಲ್ಲಿ ಎರಡನೇ ಮಹಡಿಗೆ ವಿಂಧ್ಯಾ ಬಂದಳು. ಧಾರವಾಡದವಳು, ಬ್ಯಾಂಕಿನ ಅಧಿಕಾರಿ, ಮೂವತ್ತೆರಡು ವಯಸ್ಸು, ಒಬ್ಬಳೇ. ವಡೋದರಾ ಶಾಖೆಯಿಂದ ವರ್ಗವಾಗಿದ್ದಳು. ಹೊಚ್ಚ ಹೊಸ ಕಪ್ಪು ಸ್ಯಾಂಟ್ರೋವನ್ನು ಹೆದ್ದಾರಿಯಲ್ಲಿ ತಾನೇ ಓಡಿಸಿಕೊಂಡು ಬಂದು, ಗೇಟಿನೊಳಗೆ ಒಂದೇ ಸಲಕ್ಕೆ ರಿವರ್ಸ್ ತೆಗೆದು, ಮಾರುತಿಯ ಪಕ್ಕದಲ್ಲೇ ನಿಲ್ಲಿಸಿದಳು.

ಪಕ್ಕದಲ್ಲಿ ನಿಂತದ್ದೇ ತೊಂದರೆಯಾಯಿತು. ಅಷ್ಟು ದಿನ ಕಾಚ್ ಜೇವಿ ಇದ್ದ ಬಿಳಿ ಕಾರು ಒಂದೇ ದಿನದಲ್ಲಿ ಹಳೆಯ ಸ್ಟೀಲ್ ಡಬ್ಬಿಯಂತೆ ಕಂಡಿತು. ಊರ್ಮಿಳಾಬೆನ್ ಹಾಲಿನ ಚೀಲ ಹಿಡಿದು ಈಗ ಸ್ಯಾಂಟ್ರೋದ ಮುಂದೆ ನಿಲ್ಲತೊಡಗಿದರು. ಅದನ್ನಾದರೂ ನಳಿನಿ ನುಂಗಿಕೊಂಡಾಳು. ನುಂಗಲಾಗದ್ದು ರಾತ್ರಿ ಊಟಕ್ಕೆ ಕುಳಿತ ಗಂಡನ ಮಾತು.

"ಎಂಥ ಧೈರ್ಯ ನೋಡು ಆ ಹುಡುಗಿಗೆ! ವಡೋದರಾದಿಂದ ಒಬ್ಬಳೇ ಓಡಿಸ್ಕೊಂಡು ಬಂದಿದ್ದಾಳೆ. ಭೇಷ್ ಅನ್ನಬೇಕು."

"ಆಂಟಿ ಗಾಡಿ ಏನ್ ಮಸ್ತ್ ಚಲಾಯಿಸ್ತಾರೆ, ಪಪ್ಪಾ!" ಎಂದು ಹದಿಮೂರರ ಮಗಳು ತೃಪ್ತಿ ತನ್ನ ಕಲಬೆರಕೆ ಕನ್ನಡದಲ್ಲಿ ದನಿಗೂಡಿಸಿದಳು.

ನಳಿನಿ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿ ಒಳಗೆ ಹೋದಳು. ಅವಳಿಗೆ ಧೈರ್ಯ, ನನಗೆ ತಲೆನೋವು! ಆ ರಾತ್ರಿ ಅವಳ ಹೊಟ್ಟೆಯೊಳಗೆ ಹೊತ್ತಿಕೊಂಡದ್ದು ಏಪ್ರಿಲ್ ಬಂದರೂ ಆರಲಿಲ್ಲ. ಆಫೀಸಿಗೆ ಹೊರಟ ವಿಂಧ್ಯಾಳ ಕೈಯಲ್ಲಿ ಕೀಲಿಗೊಂಚಲು ಗಲ್ ಎಂದರೆ ಸಾಕು, ಇವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಕೊಡವುತ್ತ ನಿಂತು, ಕಾರು ತಿರುವು ದಾಟುವವರೆಗೆ ನೋಡುತ್ತಿದ್ದಳು.

ಒಂದು ಶನಿವಾರ ಸಂಜೆ ವಿಂಧ್ಯಾ ತಾನೇ ಬಾಗಿಲಿಗೆ ಬಂದಳು.

"ಅಕ್ಕಾರ, ನಿಮ್ಮ ಗಾಡಿ ಅಷ್ಟು ಹಳೇದಿದ್ರೂ ಏನ್ ಹೊಳೀತೈತ್ರೀ! ವಡೋದರಾದಾಗ ತೊಳಿಯಾಕ ಆಳಿದ್ದ. ಇಲ್ಲಿ ನಾನ ತೊಳಕೋಬೇಕು ಅಂತ ಮಾಡೀನಿ. ಹೆಂಗ ಮಾಡ್ಬೇಕು, ಸ್ವಲ್ಪ ಹೇಳ್ರಿ."

'ಅಷ್ಟು ಹಳೇದಿದ್ರೂ' ಎಂಬುದು ಮುಳ್ಳಿನಂತೆ ಚುಚ್ಚಿತು. ನಳಿನಿ ನಕ್ಕಳು. ಆಮೇಲೆ ಅವಳ ಬಾಯಿಂದ ಬಂದ ಮಾತನ್ನು ಕೇಳಿ ಅವಳಿಗೇ ಅಚ್ಚರಿಯಾಯಿತು.

"ಅಯ್ಯೋ, ಅದರಲ್ಲೇನಿದೆ! ಗೇಟಿನ ಹತ್ತಿರ ಬೋರಿನ ನಲ್ಲಿ ಇದೆಯಲ್ಲ, ಅದಕ್ಕೇ ಪೈಪ್ ಹಾಕ್ಕೊಳ್ಳಿ. ದಿನವಿಡೀ ನೀರು ಬರತ್ತೆ. ಹನ್ನೊಂದು ಗಂಟೆಗೆ ತೊಳೀರಿ, ಬಿಸಿಲಿಗೆ ತಾನೇ ಒಣಗತ್ತೆ. ಒರೆಸೋ ಕೆಲಸಾನೂ ಇರಲ್ಲ."

ಬೋರಿನ ನೀರು ಉಪ್ಪು. ಆ ನೀರು ಬಿಸಿಲಿನಲ್ಲಿ ಕಾರಿನ ಮೇಲೆ ಒಣಗಿದರೆ ಪ್ರತಿ ಹನಿಯೂ ಬಿಳಿ ಕಲೆಯಾಗಿ ಕಚ್ಚಿಕೊಳ್ಳುತ್ತದೆ. ಇದು ನಳಿನಿಗೆ ಮೊದಲ ವರ್ಷವೇ ತನ್ನ ಕಾರಿನ ಗಾಜು ಹಾಳುಮಾಡಿಕೊಂಡು ಗೊತ್ತಾಗಿತ್ತು. ಬಿಳಿ ಬಣ್ಣ ಹೇಗೋ ಮುಚ್ಚಿಕೊಂಡಿತು. ಕಪ್ಪು ಬಣ್ಣ ಏನನ್ನೂ ಮುಚ್ಚುವುದಿಲ್ಲ.

ಮೊದಲ ಭಾನುವಾರ ಕಪ್ಪು ಬಾನೆಟ್ಟಿನ ಮೇಲೆ ರಂಗೋಲಿಯ ಚುಕ್ಕಿಗಳಂತೆ ಕಲೆ ಎದ್ದವು. ಎರಡನೆಯ ವಾರ ಛಾವಣಿ, ಬಾಗಿಲುಗಳೂ ಬೂದು ಹಿಡಿದವು. "ನವಿ ಗಾಡಿ ನೇ ಶು ಥಯು?" ಎಂದು ಊರ್ಮಿಳಾಬೆನ್ ಹೊಸ ಗಾಡಿಗೆ ಏನಾಯಿತೆಂದು ಕೇಳಿದ್ದು ಬಾಲ್ಕನಿಗೆ ಕೇಳಿಸಿತು. ನಳಿನಿಗೆ ಆ ದಿನ ಮಧ್ಯಾಹ್ನ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಮೂರನೆಯ ಭಾನುವಾರ ಹನ್ನೊಂದರ ಉರಿಬಿಸಿಲಿನಲ್ಲಿ ವಿಂಧ್ಯಾ ಬಾನೆಟ್ಟಿನ ಮೇಲೆ ಬಾಗಿ ಏನನ್ನೋ ಉಜ್ಜುತ್ತಿದ್ದಳು. ನಳಿನಿ ಬಾಲ್ಕನಿಯಿಂದ ಕಣ್ಣು ಕಿರಿದುಮಾಡಿ ನೋಡಿದಳು. ಪಾತ್ರೆ ತಿಕ್ಕುವ ಹಸಿರು ನಾರು! ಕಲೆ ಹೋಗಲೆಂದು ಇಡೀ ತೋಳಿನ ಬಲ ಹಾಕಿ ತಿಕ್ಕುತ್ತಿದ್ದಳು. ಸುಮ್ಮನಿದ್ದಿದ್ದರೆ ಅರ್ಧ ಗಂಟೆಯಲ್ಲಿ ಆ ಕಾರಿನ ಕಥೆ ಮುಗಿಯುತ್ತಿತ್ತು. ನಳಿನಿ ಕಂಬಿಯನ್ನು ಹಿಡಿದು ನಿಂತೇ ಇದ್ದಳು. ಎಷ್ಟು ಹೊತ್ತೆಂದು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಏಳು ವರ್ಷ ಒಂದು ಕಾರಿನ ಮೈಯನ್ನು ಅಂಗೈಯಿಂದ ಬಲ್ಲವಳಿಗೆ ಆ ಕರಕರ ಸದ್ದು ತನ್ನ ಚರ್ಮದ ಮೇಲೇ ಆದಂತಿತ್ತು.

"ಬೇಡ! ನಿಲ್ಲಿಸಿ!" ಎಂದು ಕೂಗುತ್ತ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದವಳು ವಿಂಧ್ಯಾಳ ಮಣಿಕಟ್ಟು ಹಿಡಿದುಕೊಂಡಳು.

"ಕಲೆ ಹೋಗವಲ್ಲವ್ರೀ ಅಕ್ಕಾರ," ವಿಂಧ್ಯಾಳ ಮುಖ ಬೆವರಿನಿಂದ ತೊಯ್ದಿತ್ತು. "ನೀವು ಹೇಳಿದಂಗ ಮಾಡೀನಿ."

"ಅದಕ್ಕೇ ಹೋಗ್ತಿಲ್ಲ. ಈ ನೀರು ಉಪ್ಪು. ನನಗೆ ಗೊತ್ತಿತ್ತು."

ವಿಂಧ್ಯಾ ಕೈ ಬಿಡಿಸಿಕೊಂಡಳು. "ಗೊತ್ತಿದ್ದೂ ಹೇಳಿದ್ರ್ಯಾ?"

"ಹೂಂ."

"ಯಾಕ್ರೀ? ನಾ ನಿಮಗೇನು ಮಾಡಿದ್ನಿ?"

ನಳಿನಿಗೆ ಹತ್ತು ಕಾರಣ ಹೊಳೆದವು. ನಿಜವಾದದ್ದು ಒಂದೇ ಇತ್ತು. "ನೀವು ಓಡಿಸ್ತೀರಿ," ಎಂದಳು.

ವಿಂಧ್ಯಾ ಅವಳನ್ನೇ ನೋಡಿದಳು. ನಾರನ್ನು ಬಕೆಟ್ಟಿಗೆ ಎಸೆದು ಮೆಟ್ಟಿಲು ಹತ್ತಿ ಹೋದಳು.

ಮರುದಿನದಿಂದ ಮೂರು ದಿನ ಬೆಳಿಗ್ಗೆ ಆರಕ್ಕೆ ನಳಿನಿ ಸಿಹಿನೀರಿನ ಬಕೆಟ್ ಹೊತ್ತು ಕಪ್ಪು ಕಾರಿನ ಹತ್ತಿರ ಹೋದಳು. ವಿನೆಗರಿಗೆ ಅರ್ಧ ನೀರು ಬೆರೆಸಿ, ಬಟ್ಟೆ ಅದ್ದಿ, ಕಲೆಯ ಮೇಲೆ ಇಟ್ಟು, ನೆನೆದ ಮೇಲೆ ಮೆತ್ತಗೆ ಎತ್ತುವುದು. ತೊಳೆದು ಒರೆಸಿ ಪಾಲಿಶ್. ಅಂಗೈಯಗಲ ಜಾಗ ಮುಗಿಸಿ ಮತ್ತೆ ಅಂಗೈಯಗಲ. "ನಮ್ಮ ಕಾರು ಬಿಟ್ಟು ಅವರದ್ದಕ್ಯಾಕೆ ಸಾಯ್ತಿದ್ದೀಯ?" ಎಂದ ರಾಮಕೃಷ್ಣನಿಗೆ ಅವಳು ಮಾಡಿದ್ದನ್ನೂ ಅದರ ಕಾರಣವನ್ನೂ ಹೇಳಿದಳು. ಅವನು ಮೊದಲು ನಕ್ಕ. 'ನಿನಗ್ಯಾಕೆ ತಲೆನೋವು' ಎಂಬ ತನ್ನ ಮಾತು ಅದರಲ್ಲಿ ಬಂದಾಗ ನಗು ನಿಂತಿತು.

ಬುಧವಾರ ಆಫೀಸಿಗೆ ಹೊರಟ ವಿಂಧ್ಯಾ ಬಾನೆಟ್ಟಿನ ಮೇಲೆ ಕೈಯಾಡಿಸಿದಳು. ಬಿಳಿ ಕಲೆ ಒಂದೂ ಇರಲಿಲ್ಲ, ನಾರು ಎಳೆದ ಎರಡು ಗೀರು ಮಾತ್ರ ಉಳಿದಿದ್ದವು.

"ಈ ಎರಡು ಗೀರು ಹೋಗಂಗಿಲ್ಲೇನು?"

"ಇಲ್ಲ. ಬಣ್ಣದ ಒಳಗೇ ಇಳಿದಿವೆ."

"ಇರ್ಲಿ. ನೋಡಿದಾಗೊಮ್ಮೆ ನಿಮ್ಮ ನೆನಪಾಗ್ತೈತಿ," ಎಂದು ಬಾಗಿಲು ತೆರೆದ ವಿಂಧ್ಯಾ ಒಂದು ಕ್ಷಣ ನಿಂತಳು. "ಅಷ್ಟು ಹೊಟ್ಟೆಕಿಚ್ಚಿದ್ರ ಹೋಗಿ ಕಲೀರಿ. ನನ್ನ ಗಾಡಿ ಮ್ಯಾಲ ಯಾಕ ತೀರಿಸ್ಕೋತೀರಿ?" ಕಾರು ಹೊರಟುಹೋಯಿತು.

ಮಾತು ಕೆನ್ನೆಗೆ ಹೊಡೆದಂತಿತ್ತು. ಅದರಲ್ಲಿ ತಪ್ಪು ಹುಡುಕಲು ನಳಿನಿಗೆ ಸಂಜೆಯವರೆಗೂ ಆಗಲಿಲ್ಲ. ಗಂಡ ಬಂದೊಡನೆ ಹೇಳಿದಳು: "ನಾನು ಡ್ರೈವಿಂಗ್ ಸ್ಕೂಲಿಗೆ ಸೇರ್ತೀನಿ. ನೀವು ಬೇಡ ಅಂದ್ರೆ ಬೇಡ. ಆದ್ರೆ ನಾನು ಓಡಿಸದ ಕಾರನ್ನ ಇನ್ನು ತೊಳೆಯಲ್ಲ."

"ನೋಡೋಣ," ಎಂದ ರಾಮಕೃಷ್ಣ. ಮೇ ತಿಂಗಳ ಧೂಳು ಕೂಡ ನೋಡೋಣ ಎಂದಿತು. ಎರಡು ವಾರಕ್ಕೆ ಬಿಳಿ ಮಾರುತಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಹಿಂದಿನ ಗಾಜಿನ ಮೇಲೆ ತೃಪ್ತಿ ಬೆರಳಿನಲ್ಲಿ ಗುಜರಾತಿಯಲ್ಲಿ ತನ್ನ ಹೆಸರು ಬರೆದಳು. ರಾಮಕೃಷ್ಣ ಒಮ್ಮೆ ಬಕೆಟ್ ಹಿಡಿದು ಹೋಗಿ, ಸೊಂಟ ಹಿಡಿದುಕೊಂಡು ವಾಪಸು ಬಂದ. ಮೂರನೆಯ ಸೋಮವಾರ ಅವನೇ ಡ್ರೈವಿಂಗ್ ಸ್ಕೂಲಿನ ಅರ್ಜಿ ತಂದು ಮೇಜಿನ ಮೇಲಿಟ್ಟ.

ಮೊದಲ ಪರೀಕ್ಷೆಯಲ್ಲಿ ನಳಿನಿ ಫೇಲಾದಳು. ಎರಡನೆಯದರಲ್ಲಿ ಪಾಸಾದಳು. ಆಗಸ್ಟಿನ ಒಂದು ಬೆಳಿಗ್ಗೆ ಮೊದಲ ಸಲ ಒಬ್ಬಳೇ ಹೊರಟು ಶಿವರಂಜನಿ ಚೌಕದ ಸಿಗ್ನಲ್ಲಿಗೆ ಬಂದಾಗ ಪಕ್ಕದಲ್ಲಿ ಕಪ್ಪು ಸ್ಯಾಂಟ್ರೋ ಬಂದು ನಿಂತಿತು. ಅಷ್ಟು ತಿಂಗಳೂ ಬರೀ ತಲೆಯಾಡಿಸಿ ಹೋಗುತ್ತಿದ್ದ ವಿಂಧ್ಯಾ ಗಾಜು ಇಳಿಸಿ, "ಕ್ಲಚ್ ಒಮ್ಮೆಲೇ ಬಿಡಬ್ಯಾಡ್ರಿ!" ಎಂದು ಕೂಗಿದಳು.

ಹಸಿರು ಬಿತ್ತು. ಸ್ಯಾಂಟ್ರೋ ಬೆಣ್ಣೆಯಂತೆ ಜಾರಿ ಮುಂದೆ ಹೋಯಿತು. ನಳಿನಿಯ ಮಾರುತಿ ಒಮ್ಮೆ ಜಿಗಿದು ಆಫಾಯಿತು. ಹಿಂದಿನಿಂದ ಆಟೋಗಳು ಹಾರ್ನ್ ಹೊಡೆಯತೊಡಗಿದವು. ಎಷ್ಟು ಸಲೀಸಾಗಿ ಹೋದಳು ಪುಣ್ಯಾತ್ಗಿತ್ತಿ, ಎಂದುಕೊಳ್ಳುವಾಗ ಅವಳ ಹೊಟ್ಟೆ ಮತ್ತೆ ಚುರ್ ಎಂದಿತು. ಉರಿದರೆ ಉರಿಯಲಿ ಎಂದು ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೀಲಿ ತಿರುಗಿಸಿ, ಮೊದಲ ಗೇರು ಹಾಕಿ, ಈ ಸಲ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು.