ಗುಂಡಕ್ಕನ ಕಾಲು

ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಹೊತ್ತಿದ್ದ ನಾಲ್ವರು ಗಂಡಸರಲ್ಲಿ ಬಲಕ್ಕೆ ಕೊರತೆ ಇರಲಿಲ್ಲ; ಬುದ್ಧಿ ಮಾತ್ರ ತಲೆಗೊಂದು ಕಡೆ ಎಳೆಯುತ್ತಿತ್ತು. ಒಬ್ಬ ಎತ್ತು ಅಂದರೆ ಇನ್ನೊಬ್ಬ ಇಳಿಸು ಅನ್ನುತ್ತಿದ್ದ. ಕೆಳಗೆ ನಿಂತು ನೋಡುತ್ತಿದ್ದ ಗುಂಡಕ್ಕ ತೋಳೇರಿಸಿಕೊಂಡು ಮೇಲೆ ಹತ್ತಿ, ಒಂದು ಮೂಲೆಗೆ ಭುಜ ಕೊಟ್ಟಳು. ಯಾರು ಮೊದಲು ಎತ್ತಬೇಕು, ಯಾರು ಸುಮ್ಮನಿರಬೇಕು ಅಂತ ಎರಡೇ ಮಾತಿನಲ್ಲಿ ಹೇಳಿದಳು. ಪೆಟ್ಟಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುವು ದಾಟಿ ಕೆಳಗಿಳಿಯಿತು.

ಅವಳಿಗೆ ಐವತ್ತು ದಾಟಿತ್ತು. ಗಂಡನ ಜೊತೆ ಬೇಕರಿ ನಡೆಸುತ್ತಿದ್ದಳು. ದಿನಾ ಹಿಟ್ಟು ನಾದುವ ತೋಳು. ಕಾಲೇಜಿನಲ್ಲಿ ಶಾಟ್‌ಪುಟ್ ಗುಂಡು ಎಸೆಯುತ್ತಿದ್ದಾಗ ಬಿದ್ದ ಹೆಸರು ಮದುವೆ, ಮಕ್ಕಳು, ಬಿಳಿಗೂದಲು ಎಲ್ಲವನ್ನೂ ದಾಟಿ ಉಳಿದಿತ್ತು. ಪೆಟ್ಟಿಗೆಯೊಳಗೆ ಮಲಗಿದ್ದವನು ಸ್ಟೋರ್ ಮಾಮ, ಆ ಕಾಲೇಜಿನ ಆಟದ ಸಾಮಾನಿನ ಕೋಣೆಗೆ ಬದುಕಿಡೀ ಬೀಗ ಹಾಕಿ ತೆಗೆದವನು.

ಕೆಳಗಿನ ಹಾಲ್‌ನಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಮಾಮನ ಹೆಂಡತಿ ಅವಳ ಕೈ ಹಿಡಿದುಕೊಂಡಳು. ಪಕ್ಕದಲ್ಲಿ ಮೊಮ್ಮಗಳಿದ್ದಳು, ಅದೇ ಕಾಲೇಜಿನಲ್ಲಿ ಈಗ ಗುಂಡು ಎಸೆಯುವವಳು.

"ನಿನ್ನ ಕಾಲಿನ ಕೊರಗು ಅವ್ರಿಗೆ ಕೊನೇವರೆಗೂ ಹೋಗ್ಲಿಲ್ಲ ಕಣೆ," ಅಂದಳು ಮುದುಕಿ.

ಕುರ್ಚಿಗಳಲ್ಲಿ ಕೂತವರು ತಲೆಯಾಡಿಸಿದರು. ಆ ಕಾಲಿನ ಕತೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಎಸೆಯುವಾಗ ಆ ಒಂದು ಕಾಲು ವೃತ್ತದೊಳಗೇ ನಿಂತಿದ್ದರೆ ನಮ್ಮ ಗುಂಡಕ್ಕ ಎಲ್ಲೋ ಇರುತ್ತಿದ್ದಳು ಅಂತ ಮಾಮ ಕ್ಷೌರದಂಗಡಿಯಲ್ಲಿ ಹೇಳಿದ್ದ, ಬಸ್ಸಿನಲ್ಲಿ ಹೇಳಿದ್ದ, ಅವಳ ಮದುವೆಯ ದಿನ ಗಂಡಿನ ಕಡೆಯವರಿಗೂ ಹೇಳಿದ್ದ. ಬೇಕರಿಯಲ್ಲಿ ಬ್ರೆಡ್ಡು ಸೀದರೆ ಅವಳ ಗಂಡ ಈಗಲೂ, ಮತ್ತೆ ಕಾಲು ಆಚೆ ಹೋಯಿತಾ ಅಂತಾನೆ.

ಊರುಗೋಲಿನ ಸದ್ದು ಮಾಡುತ್ತ ಹಳೆಯ ಕೋಚ್ ಅವಳನ್ನು ಕಿಟಕಿಯ ಹತ್ತಿರ ಕರೆದರು. ಕಿವಿ ಮಂದವಾಗಿದ್ದರಿಂದ ಪಿಸುಮಾತು ಅಂದುಕೊಂಡು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

"ಇನ್ಯಾರ ಮುಲಾಜು? ಹೋದೋರಿಗೆ ನೋವಾಗಲ್ಲ. ಹೇಳ್ಬಿಡು. ಸಾಕ್ಷಿಗೆ ನಾನೊಬ್ಬನೇ ಉಳಿದಿರೋದು. ನಾನೂ ಹೋದ್ರೆ ನಿನ್ನ ಮಾತು ಯಾರು ನಂಬ್ತಾರೆ?"

ಮಣ್ಣಾಗಲಿ ಸಾರ್, ಆಮೇಲೆ ಹೇಳುತ್ತೇನೆ ಅಂದಳು. ಹೇಳಬೇಕೆಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿದ್ದಳು. ಮಾಡದ ತಪ್ಪನ್ನು ಎಷ್ಟು ವರ್ಷ ಅಂತ ಹೊರುವುದು?

*

ಕಾಲೇಜಿನ ದಿನಗಳಲ್ಲಿ ಗುಂಡಿನ ತುಕ್ಕು ಅವಳ ಕತ್ತಿಗೆ ಅಂಟುತ್ತಿತ್ತು. ಗುಂಡನ್ನು ಕತ್ತಿಗೊತ್ತಿ ಹಿಡಿದೇ ಎಸೆಯಬೇಕಲ್ಲ, ಕಾಲರೆಲ್ಲ ಕಂದು ಕಲೆ. ಒಂದು ದಿನ ಮಾಮನ ಮುಂದೆ ಗೊಣಗಿದಳು. ಅವಳು ಗೊಣಗಿ ಮರೆತಳು, ಮಾಮ ಮರೆಯಲಿಲ್ಲ. ಅಂದಿನಿಂದ ದಿನಾ ಸಂಜೆ ಮರಳುಕಾಗದ ಹಿಡಿದು ಆ ಗುಂಡನ್ನು ಉಜ್ಜಿ, ಎಣ್ಣೆ ಸವರಿ ಇಡುತ್ತಿದ್ದ. ಬೇಕಾದರೆ ಇದರಲ್ಲಿ ಮುಖ ನೋಡಿ ತಲೆ ಬಾಚಿಕೋ ಅಂತ ತಮಾಷೆ ಮಾಡುತ್ತಿದ್ದ.

ಅವಳ ಕೊನೆಯ ವರ್ಷ. ರಾಷ್ಟ್ರಮಟ್ಟದ ಕೂಟಕ್ಕೆ ಆಯ್ಕೆಯಾಗಲು ಇಷ್ಟು ದೂರ ಎಸೆಯಲೇಬೇಕೆಂಬ ಅರ್ಹತಾ ಗೆರೆಯಿತ್ತು. ಆ ಸೀಸನ್ನಿಡೀ ಊರೂರಿನ ಮೈದಾನಗಳಲ್ಲಿ, ಅಲ್ಲಲ್ಲಿನವರು ಕೊಟ್ಟ ಗುಂಡು ಹಿಡಿದು ಎಸೆದದ್ದೆಲ್ಲ ಗೆರೆಯ ಈಚೆಗೇ ಬಿದ್ದಿತ್ತು. ಒಮ್ಮೆ ಗೇಣು ಕಡಿಮೆ, ಒಮ್ಮೆ ನಾಲ್ಕು ಬೆರಳು. ತಮ್ಮದೇ ಮೈದಾನದಲ್ಲಿ, ಮಾಮ ಉಜ್ಜಿದ ಗುಂಡು ಆಚೆ ಬಿತ್ತು. ಎಸೆತ ಸರಿ ಎಂದು ಬಿಳಿ ಬಾವುಟ ಮೇಲೆದ್ದಿತು. ಹರ್ಡಲ್ಸ್ ಹೊತ್ತು ಸಾಗಿಸುತ್ತಿದ್ದ ಮಾಮ ಅವನ್ನು ಅಲ್ಲೇ ಕೆಡವಿ ಚಪ್ಪಾಳೆ ತಟ್ಟಿದ.

ಅರ್ಹತೆ ಮುಟ್ಟಿದ ಗುಂಡನ್ನು ಆಮೇಲೆ ತೂಗಿ ನೋಡಬೇಕೆಂಬುದು ನಿಯಮ. ಪರ ಊರಿನಿಂದ ಬಂದಿದ್ದ ತೀರ್ಪುಗಾರರು ಕೋಣೆಯೊಳಗೆ ತೂಗಿದರು. ಚಿಟಿಕೆ ಉಪ್ಪಿನಷ್ಟು ಕಡಿಮೆ ಬಂತು. ಚಿಟಿಕೆಯಾದರೂ ಕಡಿಮೆ ಕಡಿಮೆಯೇ. ಸಂಜೆ ಸಂಜೆ ತುಕ್ಕಿನ ಜೊತೆ ಕಬ್ಬಿಣವೂ ಪುಡಿಯಾಗಿ ಉದುರಿತ್ತು. ಫಲಿತಾಂಶದಲ್ಲಿ ಅವಳ ಎಸೆತಕ್ಕೆ ಗೀಟು ಬಿತ್ತು.

ಅವಳೂ ಕೋಚೂ ಹೊರಗೆ ಬಂದರೆ ಬಾಗಿಲಲ್ಲೇ ಮಾಮ. ಬಿಳಿ ಬಾವುಟ ಕಣ್ಣಾರೆ ಕಂಡಿದ್ದೇನೆ, ಮತ್ತೆ ಯಾಕೆ ಹೊಡೆದು ಹಾಕಿದರು ಅಂತ ಜಗಳಕ್ಕೇ ನಿಂತ. ಕೋಚ್ ಬಾಯಿ ತೆರೆದರು. ಬಾಗಿಲ ಮೇಲಿಟ್ಟ ಮಾಮನ ಕೈ ಅವಳ ಕಣ್ಣಿಗೆ ಬಿತ್ತು. ಬೆರಳ ತುದಿಗಳು ಮರಳುಕಾಗದಕ್ಕೆ ಸವೆದು ನುಣ್ಣಗಾಗಿದ್ದವು.

"ಕಾಲು ಆಚೆ ಹೋಗಿತ್ತಂತೆ ಮಾಮ," ಅಂದಳು. "ಇನ್ನೊಬ್ಬ ಜಡ್ಜ್ ನೋಡಿದ್ರಂತೆ."

ಮಾಮ ಅವಳ ಕಾಲನ್ನು ನೋಡಿದ, ಸಾಕಿದ ನಾಯಿ ಕಚ್ಚಿದರೆ ನೋಡುವ ಹಾಗೆ.

ಕೋಚ್ ಸದ್ದಿಲ್ಲದೆ ಗುಂಡು ಬದಲಾಯಿಸಿದರು. ಹೊಸದಕ್ಕೆ ದಪ್ಪ ಬಣ್ಣ ಬಳಿಸಿ, ಇದನ್ನು ಉಜ್ಜಬೇಡ ಅಂತ ಮಾಮನಿಗೆ ಹೇಳಿದರು. ಸೀಸನ್ನಿನ ಕೊನೆಯ ಕೂಟದಲ್ಲಿ ಅದು ಮತ್ತೆ ಗೆರೆಯ ಈಚೆಗೆ ಬಿತ್ತು. ಅಂದು ಗುಂಡನ್ನು ದಾಟಿಸಿದ್ದು ತನ್ನ ತೋಳೋ, ಆ ಚಿಟಿಕೆಯೋ? ಯಾವ ತಕ್ಕಡಿಯೂ ಅದನ್ನು ಹೇಳುವಂತಿರಲಿಲ್ಲ.

*

ಮಣ್ಣು ಮುಗಿಸಿ ಎಲ್ಲರೂ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ವ್ಯಾನಿಗೆ ಕಾಯುತ್ತಿದ್ದರು. ಕೋಚ್ ಊರುಗೋಲು ಎತ್ತಿ ಅವಳಿಗೆ ಸನ್ನೆ ಮಾಡಿದರು. ಗುಂಡಕ್ಕ ಮಾತು ಜೋಡಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ಮುದುಕಿಯ ಹತ್ತಿರ ಹೋದಳು.

"ಅತ್ತೆ, ಆವತ್ತು ಏನಾಯ್ತು ಅಂದ್ರೆ..."

"ಅದನ್ನ ಇವಳಿಗೆ ಹೇಳಮ್ಮ," ಅಂತ ಮುದುಕಿ ಮೊಮ್ಮಗಳನ್ನು ಮುಂದಕ್ಕೆ ತಳ್ಳಿದಳು. "ಆಸ್ಪತ್ರೆಲಿ ಕೊನೇಗೆ ಅವ್ರು ಹೇಳಿದ್ದು ಇದೊಂದನ್ನೇ. ಮನೆ ಬಗ್ಗೆ ಇಲ್ಲ, ನನ್ನ ಬಗ್ಗೆ ಇಲ್ಲ."

ಹುಡುಗಿಯ ಕಣ್ಣು ಊದಿಕೊಂಡಿತ್ತು. ಹಿಂದಿನ ಕೂಟದಲ್ಲಿ ಅವಳ ಎಲ್ಲ ಎಸೆತಗಳೂ ಫೌಲ್ ಆಗಿದ್ದವು. ಗುಂಡು ದೂರ ಹೋಗುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಮುಂದಿನ ವಾರದ್ದೇ ಕೊನೆಯ ಅವಕಾಶ.

"ಗುಂಡಕ್ಕನ್ನ ಕೇಳು, ಆ ಕಾಲು ಅವಳಿಗೆ ಕಲಿಸಿದಷ್ಟು ಯಾವ ಕೋಚೂ ಕಲಿಸಲ್ಲ ಅಂತಿದ್ರು ತಾತ," ಅಂದಳು. "ಹೇಗಾಯ್ತು ಆಂಟಿ ಅದು?"

ಗುಂಡಕ್ಕ ಕೋಚ್ ಕಡೆ ನೋಡಿದಳು. ಅವರು ಕೈಯನ್ನು ಕಿವಿಗೆ ಅಡ್ಡ ಹಿಡಿದು ಕಾಯುತ್ತಿದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಬಾ. ನನ್ನ ಕಾಲು ಹೇಗೆ ಹೋಯ್ತು ಅಂತ ತೋರಿಸ್ತೀನಿ."

ಕೋಚ್ ನಿಧಾನಕ್ಕೆ ಕೈ ಇಳಿಸಿ, ವ್ಯಾನ್ ಬರುವ ದಿಕ್ಕಿಗೆ ತಿರುಗಿದರು.

ಫುಟ್‌ಪಾತಿನ ಅಂಚೇ ವೃತ್ತದ ಅಂಚು ಅಂದುಕೋ ಅಂದಳು. ಬರಿಗೈಯನ್ನು ಕತ್ತಿಗೊತ್ತಿ, ಬಗ್ಗಿ, ಹಿಂದಕ್ಕೆ ಜಾರಿ, ತಿರುಗಿದಳು. ಕಾಲು ಕಲ್ಲಂಚಿಗೆ ಬಂದು ಕಟ್ಟಿಹಾಕಿದ ಹಾಗೆ ನಿಂತುಬಿಟ್ಟಿತು. ಇನ್ನೊಮ್ಮೆ ಮಾಡಿದಳು. ಮತ್ತೆ ಅಲ್ಲೇ ನಿಂತಿತು.

"ಹೋಗ್ತಾನೇ ಇಲ್ವಲ್ಲ," ಅಂದಳು ಹುಡುಗಿ.

ಗುಂಡಕ್ಕ ಮತ್ತೆ ತಿರುಗಿದಳು. ಈ ಸಲ ಅಂಚಿನಲ್ಲಿ ನಿಂತ ಪಾದವನ್ನು, ಒಲ್ಲದ ಮಗುವನ್ನು ಶಾಲೆಯೊಳಗೆ ನೂಕುವಂತೆ, ಸೊಂಟದಿಂದಲೇ ಮುಂದಕ್ಕೆ ನೂಕಿ ರಸ್ತೆಯ ಧೂಳಿಗೆ ಇಳಿಸಿದಳು. ಫುಟ್‌ಪಾತಿನಲ್ಲಿ ನಿಂತಿದ್ದವರೆಲ್ಲ ಕತ್ತು ಚಾಚಿ ಆ ಕಾಲನ್ನು ನೋಡಿದರು.