ಯಲ್ಲಕ್ಕ ಬೇಡಿಕೊಂಡದ್ದು

ಹಿಪ್ಪರಗಿಯ ಪಾಂಡಪ್ಪನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂತೆಂದರೆ ಎಲ್ಲೋ ಒಂದು ಮನೆಯಲ್ಲಿ ಅಳು ಶುರುವಾಗಿದೆ ಎಂದೇ ಅರ್ಥ. ಕೃಷ್ಣಾ ಹೊಳೆಯಲ್ಲಿ ಮುಳುಗಿದವರನ್ನು ಹುಡುಕಿ ಮೇಲೆ ತರುವುದು ಅವನ ಕೆಲಸ. ಕೆಲಸ ಎನ್ನುವುದೂ ತಪ್ಪೇ. ಯಾರೂ ಅವನನ್ನು ನೇಮಿಸಿರಲಿಲ್ಲ, ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎರಡು ಎಕರೆ ಕಬ್ಬು, ನಾಲ್ಕು ಕುರಿ, ಅಷ್ಟರಲ್ಲಿ ಬದುಕು. ಬ್ಯಾರೇಜಿನ ಕೆಳಗೆ ನೀರು ಎಲ್ಲಿ ಸುಳಿ ತಿರುಗುತ್ತದೆ, ಯಾವ ಕಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ಒತ್ತಿ ಹಿಡಿಯುತ್ತದೆ ಎಂಬುದು ಅವನಿಗೆ ತನ್ನ ಹೊಲದ ಬದುವಿನಷ್ಟೇ ಪರಿಚಯ. ದಡದಲ್ಲಿ ಕೂತ ಮನೆಯವರಿಗೆ ಅವನು ಸುಳ್ಳು ಸಮಾಧಾನ ಹೇಳುತ್ತಿರಲಿಲ್ಲ. "ಜೀವ ಇರಂಗಿಲ್ರಿ. ಆದ್ರ ಹುಡುಕಿ ಕೊಡ್ತೇನಿ," ಎನ್ನುತ್ತಿದ್ದ. ಹೇಳಿದಂತೆ ಹುಡುಕಿ ಕೊಡುತ್ತಿದ್ದ.

ಇಂಥ ಪಾಂಡಪ್ಪ ಇಪ್ಪತ್ತೆರಡು ವರ್ಷಗಳಿಂದ ಬೀರಪ್ಪನ ಗುಡಿಯ ಮೆಟ್ಟಿಲು ಹತ್ತಿರಲಿಲ್ಲ. ಮೊದಲು ಹಾಗಿರಲಿಲ್ಲ. ಅಮಾವಾಸ್ಯೆಗೆ ಗುಡಿಯ ಮುಂದೆ ಡೊಳ್ಳು ಬಾರಿಸುವವರಲ್ಲಿ ಅವನೇ ಮುಂದು. ಅಂಥದೇ ಒಂದು ಅಮಾವಾಸ್ಯೆಯ ದಿನ, ಬಟ್ಟೆ ಒಗೆಯಲು ಹೋಗಿದ್ದ ಹೆಂಗಸೊಬ್ಬಳ ಮಗು ಕಾಲು ಜಾರಿ ನೀರಿಗೆ ಬಿತ್ತು. ಅದರ ಹಿಂದೆ ಅವಳೂ ಧುಮುಕಿದಳು. ಡೊಳ್ಳು ಇಳಿಸಿ ಓಡಿದ ಪಾಂಡಪ್ಪ ಇಬ್ಬರನ್ನೂ ಮೇಲೆ ತಂದ. ತಡವಾಗಿತ್ತು. ಅವಳ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಬಿಚ್ಚಿ ನೋಡಿದರೆ ಭಂಡಾರ. ಬೆಳಿಗ್ಗೆ ಗುಡಿಯಿಂದ ಕಟ್ಟಿಕೊಂಡು ಬಂದಿದ್ದ ದೇವರ ಅರಿಶಿನ. ಮನೆಗೆ ಬಂದವನೇ ಹೆಂಡತಿಗೆ, "ಅಂವ ಇಲ್ಲ, ಯಲ್ಲೀ," ಎಂದ. ಮತ್ತೆ ಆ ಮಾತು ಎತ್ತಲಿಲ್ಲ, ಗುಡಿಗೂ ಹೋಗಲಿಲ್ಲ.

ಯಲ್ಲಕ್ಕ ಆ ಗುಡಿಯ ಪೂಜಾರಿ ಮುತ್ತಣ್ಣನ ಒಡಹುಟ್ಟಿದ ಅಕ್ಕ. ಗಂಡನೊಂದಿಗೆ ಜಗಳ ತೆಗೆಯಲಿಲ್ಲ. ತಾನೊಬ್ಬಳೇ ಹೋಗಿ ಗುಡಿಯ ಅಂಗಳ ಬಳಿದು ಬರುತ್ತಿದ್ದಳು. ಸಂಜೆ ಒಳಮನೆಯಲ್ಲಿ ಜಗಲಿಯ ಮೇಲಿನ ದೇವರಿಗೆ ದೀಪ ಹಚ್ಚುವಾಗ ಮಾತ್ರ ಗಟ್ಟಿಯಾಗಿ ದೂರು ಹೇಳುತ್ತಿದ್ದಳು: "ನೋಡೋ ನಮ್ಮಪ್ಪಾ, ಇವ್ರು ಇವತ್ತೂ ಬರ್ಲಿಲ್ಲ. ಸಿಟ್ಟಿಗೇಳಬ್ಯಾಡ. ಹೊಳಿಯಾಗಿಂದ ಬಂದಾರ, ದಣದಾರ." ಹೊರಗೆ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತ ಪಾಂಡಪ್ಪನಿಗೆ ಕೇಳಿಸಲೆಂದೇ ಹೇಳಿದ ಮಾತದು. ಅವನು ಮೀಸೆಯಲ್ಲೇ ನಗುತ್ತಿದ್ದ. ಹೊಳೆಯಿಂದ ಬಂದ ದಿನ ಅವಳು ಯಾರು, ಏನು ಎಂದು ಕೇಳುತ್ತಿರಲಿಲ್ಲ. ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಬೆನ್ನಿಗೆ ಸುಡುಸುಡು ನೀರು ಹೊಯ್ದು, ಕಂಬಳಿ ಹೊದಿಸಿ, ರೊಟ್ಟಿ ಕೊಡುತ್ತಿದ್ದಳು.

ಹೋದ ವರ್ಷ ಯಲ್ಲಕ್ಕನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಜಮಖಂಡಿಯಲ್ಲಿ ತೋರಿಸಿ, ಮಿರಜಿಗೆ ಒಯ್ದರು. ಅಲ್ಲಿಯ ಡಾಕ್ಟರು ಮನೆಯಲ್ಲೇ ಇರಲಿ ಎಂದರು. ಮಲಗಿದಲ್ಲೇ ಅವಳನ್ನು ಒಂದು ಚಿಂತೆ ಹಿಡಿಯಿತು. ಒಂದು ಮಧ್ಯಾಹ್ನ ಮುತ್ತಣ್ಣ ಭಂಡಾರ ತಂದು ಅವಳ ಹಣೆಗೆ ಹಚ್ಚಿ ಕೂತಿದ್ದಾಗ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ರೀ, ನಾ ಹೋದ ಮ್ಯಾಲ ನಾವು ಮತ್ತ ಭೆಟ್ಟಿ ಆಗ್ತೀವಿಲ್ರಿ?"

ಪಾಂಡಪ್ಪ ಅವಳ ಕಂಬಳಿ ಸರಿಮಾಡಿದ. ಅವಳು ತಮ್ಮನ ಕಡೆ ತಿರುಗಿದಳು. "ನೀ ಹೇಳೋ ಮುತ್ತಣ್ಣಾ. ಇವ್ರು ಅಷ್ಟು ಮಂದಿನ್ನ ನೀರಿನಿಂದ ತಂದಾರ. ಅದು ಸಾಲಂಗಿಲ್ಲೇನು?"

ಮುತ್ತಣ್ಣ ಕೆಟ್ಟವನಲ್ಲ, ತಾನು ನಂಬಿದ್ದನ್ನು ಹೇಳಿದ. "ಮಾಮಾ ಮಾಡೂದು ದೊಡ್ಡ ಕೆಲಸ ಅಕ್ಕಾ, ಇಲ್ಲ ಅನ್ನಂಗಿಲ್ಲ. ಆದ್ರ ಬಾಗಿಲಾ ತೆರಿಯಾಂವ ಅಂವ. ಅಂವನ್ನ ಇಲ್ಲಂದಾವ್ರಿಗೆ ಯಾರು ತೆರಿಬೇಕು? ಒಮ್ಮೆ ಬಂದು ಕೈ ಮುಗದು, ನೀ ಅದಿ ಅನ್ಲಿ. ಅಷ್ಟ ಸಾಕು."

"ಅನ್ರೀ," ಯಲ್ಲಕ್ಕ ಗಂಡನ ಕೈ ಹಿಡಿದಳು. ಕೈಯಲ್ಲಿ ಎಲುಬಷ್ಟೇ ಉಳಿದಿತ್ತು. "ಗುಡಿಗಿ ಬ್ಯಾಡ, ಇಲ್ಲೇ ಅನ್ರಿ. ನನ್ನ ಸಮಾಧಾನಕ್ಕರ ಅನ್ರಿ."

ಪಾಂಡಪ್ಪ ಅನ್ನಬೇಕಾದದ್ದು ಒಂದೇ ಮಾತು. ಆದರೆ ಹೆತ್ತವರ ಮುಖ ನೋಡಿ ನಿಮ್ಮ ಮಗ ಬದುಕಿಲ್ಲ ಎಂದು ಹೇಳುತ್ತ ಬಂದವನಿಗೆ, ಈ ಒಬ್ಬಳ ಮುಖ ನೋಡಿ ಸುಳ್ಳು ಹೇಳಲು ಬರಲಿಲ್ಲ. "ಒಳಗ ಇಲ್ಲದ್ದು ಬಾಯಾಗ ಹೆಂಗ ತರ್ಲಿ, ಯಲ್ಲೀ?" ಎಂದ.

ಅವಳು ಮೆಲ್ಲಗೆ ಕೈ ಬಿಟ್ಟಳು. "ಆತ ಬಿಡ್ರಿ," ಎಂದು ಗೋಡೆಯ ಕಡೆ ಹೊರಳಿದಳು. ಆಮೇಲೂ ನೀರು ಕೇಳಿದಳು, ಗಂಜಿ ಬೇಡ ಎಂದಳು, ಕುರಿಗಳಿಗೆ ಮೇವು ಹಾಕಿದಿರಾ ಎಂದು ವಿಚಾರಿಸಿದಳು. ಆ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಐದನೆಯ ದಿನ ಬೆಳಿಗ್ಗೆ ಪ್ರಾಣ ಹೋಯಿತು.

ಮಣ್ಣು ಮಾಡಿ ಬಂದು ಎಲ್ಲ ಮುಗಿದ ಮೇಲೆ ಮಗಳು ಮಾಲಾ ತೇರದಾಳದ ತನ್ನ ಮನೆಗೆ ಕರೆದಳು. ಪಾಂಡಪ್ಪ ಹೋಗಲಿಲ್ಲ. ಹಗಲು ಹೊಲದಲ್ಲಿ ಹೇಗೋ ಕಳೆಯುತ್ತಿತ್ತು. ಸಂಜೆಯಾಯಿತೆಂದರೆ ಕಿವಿ ತಾನಾಗಿ ಒಳಮನೆಯ ಕಡೆ ಹೋಗುತ್ತಿತ್ತು. ತನ್ನ ಮೇಲೆ ದೂರು ಹೇಳುವವರು ಈ ಲೋಕದಲ್ಲಿ ಯಾರೂ ಉಳಿದಿಲ್ಲ ಎಂಬುದು ಒಬ್ಬ ಮನುಷ್ಯನನ್ನು ಇಷ್ಟು ಬರಿದು ಮಾಡೀತು ಎಂದು ಅವನು ತಿಳಿದಿರಲಿಲ್ಲ. ದಿನಾ ಜಗಲಿಯ ಧೂಳು ಒರೆಸುತ್ತಿದ್ದ, ದೇವರ ಮೂರ್ತಿಯನ್ನು ಎತ್ತಿ ಕೆಳಗೂ ಒರೆಸಿ ಮತ್ತೆ ಇದ್ದಲ್ಲೇ ಇಡುತ್ತಿದ್ದ. ದೀಪ ಹಚ್ಚುತ್ತಿರಲಿಲ್ಲ. ಮುತ್ತಣ್ಣನೂ ಈ ಕಡೆ ಸುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ.

ಶ್ರಾವಣದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟರು. ಹೊಳೆ ಕೆಂಪಗೆ ಏರಿತು. ರಬಕವಿಯಲ್ಲಿ ಮಗ್ಗ ನಡೆಸುವ ದಶರಥ ಎಂಬ ತರುಣ ಸ್ನಾನಕ್ಕೆಂದು ಇಳಿದವನು ಮೇಲೆ ಬರಲಿಲ್ಲ. ಪಾಂಡಪ್ಪನಿಗೆ ಅರವತ್ತೆರಡು ದಾಟಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬೆಳಗಿನಿಂದ ಮುಳುಗಿ ಮುಳುಗಿ ಎದ್ದ. ಮೂರು ಗಂಟೆಯ ಹೊತ್ತಿಗೆ ಜಾಲಿಯ ಬೇರಿನಲ್ಲಿ ಸಿಕ್ಕಿದ್ದ ದೇಹ ಕೈಗೆ ತಾಗಿತು. ದಡಕ್ಕೆ ತಂದು ಮಲಗಿಸಿದಾಗ ಹುಡುಗನ ತಂದೆ ಚನಮಲ್ಲಪ್ಪ ಮಗನ ಮೇಲೆ ಬಿದ್ದು ಅತ್ತು, ಆಮೇಲೆ ಬಂದು ಪಾಂಡಪ್ಪನ ಒದ್ದೆ ಕಾಲು ಹಿಡಿದರು. "ಮಗನ ಮಾರಿ ತೋರಿಸಿದ್ರಿ. ನಿಮಗ ಸ್ವರ್ಗ ಖರೆ ಐತ್ರಿ."

ಈ ಮಾತು ಅವನಿಗೆ ಹೊಸದಲ್ಲ. ಯಾವಾಗಲೂ ಕಾಲು ಹಿಂದಕ್ಕೆ ಎಳೆದುಕೊಂಡು ಹೊರಟುಬಿಡುತ್ತಿದ್ದ. ಅವತ್ತು ಮಾತ್ರ ಬಾಯಿಂದ, "ಅಲ್ಲಿ ನನ್ನ ಒಳಗ ಬಿಡಂಗಿಲ್ಲಂತ್ರಿ, ಯಜಮಾನ್ರ," ಎಂದು ಬಂದುಬಿಟ್ಟಿತು. ಚನಮಲ್ಲಪ್ಪ ಅರ್ಥವಾಗದೆ ಅವನ ಮುಖ ನೋಡಿದರು.

ಮನೆಗೆ ಬಂದರೆ ಬಾಗಿಲಿಗೆ ಹಾಕಿದ ಚಿಲಕ ಹಾಗೇ ಇತ್ತು. ಒಲೆ ತಣ್ಣಗಿತ್ತು. ಹಂಡೆಯ ತಳದಲ್ಲಿ ಯಾವತ್ತಿನದೋ ನೀರು. ಒದ್ದೆ ಬಟ್ಟೆಯಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಒಂದು ಮಾತು ಅಂದುಬಿಟ್ಟಿದ್ದರೆ ಅವಳು ಗೋಡೆಯ ಕಡೆ ಹೊರಳುತ್ತಿರಲಿಲ್ಲ ಎಂಬುದೊಂದೇ ತಲೆಯಲ್ಲಿ ತಿರುಗಿತು.

ಮರುದಿನ ಬೆಳಿಗ್ಗೆ ಸೀದಾ ಗುಡಿಗೆ ಹೋದ. ಹೊರಗಿನ ಬೇವಿನ ಕಟ್ಟೆಯ ಹತ್ತಿರ ನಿಂತು ಕರೆದ. ಕೊಡ ಹಿಡಿದು ಹೊರಗೆ ಬಂದ ಮುತ್ತಣ್ಣ ಬೆರಗಾಗಿ ನಿಂತ.

"ಅವತ್ತಿನ ಮಾತು ಈಗ ಅಂತೇನಿ," ಎಂದ ಪಾಂಡಪ್ಪ. "ನಂಬಿಗಿ ಬಂದೈತಿ ಅಂತಲ್ಲ. ಆಕಿ ಕೇಳಿದ್ಲಂತ. ಈಗ ಅಂದ್ರ ಆಕಿಗೆ ಮುಟ್ಟತೈತೇನೋ?"

ಮುತ್ತಣ್ಣ ಕೊಡ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ.

"ನಿನಗ ಒಂದ್ ಹೇಳಿಲ್ಲ ಮಾಮಾ. ಅವತ್ತಿನ ಮರುದಿವಸ ನೀ ಹೊಲಕ್ಕ ಹೋದಾಗ ಅಕ್ಕ ನನ್ನ ಕರಸಿದ್ಲು. ಗುಡಿಗಿ ಒಯ್ಯಿ ಅಂದ್ಲು. ಟಂಟಂ ಗಾಡ್ಯಾಗ ಮಲಗಿಸಿಕೊಂಡು ತಂದೆ. ಇಲ್ಲೇ ಬಾಗಿಲದಾಗ ಕುಂತು ಬೇಡಿಕೊಂಡ್ಲು."

"ಏನ ಬೇಡಿದ್ಲು?"

"'ಇವರಿಗೆ ನಿನ್ನ ಕಡೆ ಜಾಗಾ ಇಲ್ಲಂದ್ರ ನನಗೂ ಬ್ಯಾಡೋ ಯಪ್ಪಾ. ಇವ್ರು ಎಲ್ಲಿ ಹೋಗ್ತಾರೋ ಅಲ್ಲೇ ನನ್ನೂ ಹಾಕು.'" ಮುತ್ತಣ್ಣನ ದನಿ ಒಡೆಯಿತು. "ನನಗ ಸಿಟ್ಟು ಬಂತು ಮಾಮಾ. ಪೂಜಾರಿ ಮನಿ ಮಗಳಾಗಿ ಹಿಂಗ ಬೇಡ್ತೀಯೇನ ಅಂತ ಬೈದೆ. ಮನಿಗಿ ಮುಟ್ಟಿಸಿ, ಮಾತಾಡಿಸದ ಬಂದೆ. ಮುಂದ ಆಕಿನ್ನ ನೋಡಿದ್ದು ಮಣ್ಣಾಗ ಇಡುವಾಗ."

ಪಾಂಡಪ್ಪ ಬೇವಿನ ಬೊಡ್ಡೆ ಹಿಡಿದುಕೊಂಡ. ತಾನು ಎಲ್ಲಿಗೂ ಹೋಗುವುದಿಲ್ಲ ಎಂದೇ ಅವನು ನಂಬಿದ್ದ. ಸತ್ತ ಮೇಲೆ ಮಣ್ಣು, ಅಷ್ಟೇ. ಅದರಲ್ಲಿ ಅವನಿಗೆ ಭಯವಿರಲಿಲ್ಲ. ಆದರೆ ಯಲ್ಲಕ್ಕನಿಗೆ ಹೋಗಲು ಒಂದು ಜಾಗವಿತ್ತು. ಚಿಕ್ಕಂದಿನಿಂದ ಅದನ್ನೇ ನೆಚ್ಚಿಕೊಂಡು ಬಂದವಳು, ಅದನ್ನು ಅವನ ಸಲುವಾಗಿ ಬಿಟ್ಟುಕೊಟ್ಟಿದ್ದಾಳೆ.

ಅವನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಗರ್ಭಗುಡಿಯ ಬಾಗಿಲಲ್ಲಿ ನಿಂತ. ಕೈಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಪಕ್ಕಕ್ಕೆ ಇಳಿಬಿಟ್ಟುಕೊಂಡೇ ಮಾತಾಡಿದ.

"ನೀ ಅದಿ ಅಂತ ನಾ ಅನ್ನಂಗಿಲ್ಲ. ಇದ್ರ ಕೇಳು. ಆಕಿ ಮಾತು ಹಿಡಿಬ್ಯಾಡ. ಬ್ಯಾನ್ಯಾಗ ಅಂದಾಳ, ನನ್ನ ಮ್ಯಾಲಿನ ಜೀವಕ್ಕ ಅಂದಾಳ. ಹುಟ್ಟಿದಾಗಿಂದ ನಿನ್ನ ಅಂಗಳಾ ಬಳದಾಳ. ಆಕಿನ್ನ ಒಳಗ ಕರಕೊ. ನಾ ಹೊಳಿಯಾಗ ಮಾಡಿದ್ದಕ್ಕ ಪುಣ್ಯ ಐತಿ ಅಂತಾರ ಮಂದಿ. ಹಂಗೇನರ ಇದ್ರ ಅದನೂ ಆಕಿಗೇ ಕೊಡು. ನನ್ನ ದಾರಿ ಕಾಯಬ್ಯಾಡ ಅಂತ ಹೇಳು."

ಹಿಂದೆ ಬಂದು ನಿಂತಿದ್ದ ಮುತ್ತಣ್ಣ ಬಟ್ಟಲಿನಿಂದ ಭಂಡಾರ ತೆಗೆದುಕೊಂಡವನು, ಪಾಂಡಪ್ಪನ ಹಣೆಯ ತನಕ ಕೈ ಒಯ್ದು ನಿಲ್ಲಿಸಿದ. "ಹಚ್ಚಲೇನು ಮಾಮಾ?"

"ಬ್ಯಾಡ."

ಮುತ್ತಣ್ಣ ಒತ್ತಾಯಿಸಲಿಲ್ಲ. ಅರಿಶಿನ ಹಿಡಿದ ಕೈ ಇಳಿಸಿ, "ಅವತ್ತ ಎಲ್ಲಾ ಗೊತ್ತಿದ್ದಾವನಂಗ ಮಾತಾಡಿದೆ," ಎಂದ. "ಖರೆ ಹೇಳ್ಬೇಕಂದ್ರ, ಅಂವ ಯಾರಿಗಿ ತೆರಿತಾನ, ಯಾರಿಗಿ ತೆರಿಯಂಗಿಲ್ಲ, ನನಗ ತಿಳಿಯಂಗಿಲ್ಲ. ನಾ ಬರೇ ಕೀಲಿ ಇಟ್ಟುಕೊಂಡಾಂವ."

"ಆಕಿ ಇದ್ದಾಗ ಇದನ್ನ ಹೇಳಿದ್ರ ಛಲೋ ಆಕ್ಕಿತ್ತು," ಎಂದ ಪಾಂಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೂ ಗೊತ್ತಿಲ್ಲಂತ ನಾನೂ ಹೇಳ್ಬೇಕಿತ್ತು."

ಮನೆಯ ತನಕ ಬರುತ್ತೇನೆಂದ ಮುತ್ತಣ್ಣನನ್ನು ಬೇಡವೆಂದು ತಡೆದು ಅವನೊಬ್ಬನೇ ಹೊರಟ. ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು, ಎದುರು ಬರುವವರು ಯಾರೂ ಇರಲಿಲ್ಲ. ಎದೆಯೊಳಗಿನ ಬರಿದು ಇದ್ದ ಹಾಗೇ ಇತ್ತು. ಗುಡಿ ಹತ್ತಿ ಇಳಿದಿದ್ದಕ್ಕೆ ಏನೂ ತುಂಬಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, 'ಅಂವ ಇಲ್ಲ' ಎಂದು ತಾನು ತಿಳಿದದ್ದು ತಪ್ಪಾಗಿರಲಿ ಎಂದು ಅವನಿಗೆ ಅನ್ನಿಸಿತು. ಅಷ್ಟು ಜೋರಾಗಿ ಅನ್ನಿಸಿದ್ದಕ್ಕೆ ನಡಿಗೆ ನಿಂತುಹೋಯಿತು. ಕಾಲುವೆಯ ಸಣ್ಣ ಸೇತುವೆಯ ಮೇಲೆ ಕೂತು, ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, ಬಿಸಿಲೇರುವ ತನಕ ಅಲ್ಲೇ ಇದ್ದ.